ಫಿರಂಗಿಯವರ ತಂಡ

ಗನ್ನರ್ಸ್

ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡದ ಅಡ್ಡಹೆಸರು. ವೀಕ್ಷಕ ವಿವರಣೆಯಲ್ಲಿ ಮತ್ತೆ ಮತ್ತೆ ಕೇಳುವ ಈ ಪದಕ್ಕೆ ‘ಬಂದೂಕುಧಾರಿಗಳು’ ಎಂದು ಅರ್ಥ ಹೇಳುವವರಿದ್ದಾರೆ, ಅದು ಸರಿಯಲ್ಲ. ಇಲ್ಲಿನ ‘ಗನ್ನರ್’ ಎಂದರೆ ಫಿರಂಗಿ ಹಾರಿಸುವವನು. 1886ರಲ್ಲಿ ಈ ತಂಡ ಕಟ್ಟಿದವರು ವುಲಿಚ್‌ನ ರಾಯಲ್ ಆರ್ಸೆನಲ್ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರು. ತಂಡದ ಲಾಂಛನದಲ್ಲಿ ಇಂದಿಗೂ ಫಿರಂಗಿಯಿದೆ.

‘ಗನ್’ ಪದದ ಬೇರು ಒಬ್ಬ ಹೆಣ್ಣಿನ ಹೆಸರಿನಲ್ಲಿದೆ ಎಂಬುದು ನಿಘಂಟುಕಾರರ ಅಭಿಪ್ರಾಯ. ಹಳೆಯ ನಾರ್ಸ್ ಭಾಷೆಯ ‘ಗುನ್‌ಹಿಲ್ಡ್’ನಲ್ಲಿ ಗುನ್ನ್, ಹಿಲ್ಡ್ ಎರಡಕ್ಕೂ ಕಾಳಗವೆಂದೇ ಅರ್ಥ. ಹದಿನಾಲ್ಕನೆಯ ಶತಮಾನದಲ್ಲಿ ವಿಂಡ್ಸರ್ ಕೋಟೆಯ ದೊಡ್ಡ ಕವಣೆಯಂತ್ರವೊಂದಕ್ಕೆ ‘ಡಾಮಿನಾ ಗುನಿಲ್ಡಾ’, ಅಂದರೆ ಗುನಿಲ್ಡಾ ದೊರೆಸಾನಿ, ಎಂಬ ಹೆಸರಿತ್ತು. ಮದ್ದಿನ ಆಯುಧಗಳು ಬಂದಾಗ ಹೆಸರು ಅವಕ್ಕೆ ದಾಟಿತು.

‘ಆರ್ಸೆನಲ್’ ಪದದ ದಾರಿ ಇನ್ನೂ ದೂರದ್ದು. ಅರಬ್ಬಿಯ ‘ದಾರ್ ಅಸ್‌ಸಿನಾಅ’ ಎಂದರೆ ಕಸುಬಿನ ಮನೆ, ಕಾರ್ಖಾನೆ. ವೆನಿಸ್‌ನಲ್ಲಿ ಅದು ಹಡಗುಕಟ್ಟೆಯಾಯಿತು, ಇಂಗ್ಲಿಷಿನಲ್ಲಿ ಆಯುಧಾಗಾರವಾಯಿತು.

ನಮ್ಮ ಆಯುಧದ ಪದಗಳೂ ಹೀಗೆಯೇ ಊರೂರು ಸುತ್ತಿ ಬಂದಂಥವು. ‘ತುಪಾಕಿ’ ತುರ್ಕಿ ಮೂಲದ್ದು. ‘ಫಿರಂಗಿ’ ಎಂದರೆ ಮೊದಲು ಫ್ರಾಂಕ್, ಅಂದರೆ ಯುರೋಪಿನವನು. ಆಮೇಲೆ ಅವನು ತಂದ ತೋಪು.

‘ಗೂನರ್ಸ್’ ಎಂಬ ರೂಪವೂ ಕಿವಿಗೆ ಬೀಳುತ್ತದೆ. ಅದು ಉಚ್ಚಾರದ ತಪ್ಪಲ್ಲ. ಗನ್ನರ್ಸ್ ಆಡುವ ತಂಡ, ಗೂನರ್ಸ್ ಅದರ ಅಭಿಮಾನಿಗಳು.