ಕೊತ್ತಿಗೂ ಒಂದಿಷ್ಟು ಮಣ್ಣು

ನಮ್ಮ ಹಿತ್ತಲು ದೊಡ್ಡದೇನಲ್ಲ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲ. ಅಷ್ಟರಲ್ಲೇ ಒಂದು ಕರಿಬೇವು, ಎರಡು ಮಲ್ಲಿಗೆ ಬಳ್ಳಿ, ಗೋಡೆಗೆ ಹಬ್ಬಿಸಿದ ಬಸಳೆ, ಒಂದು ಮಡಿ ದಂಟು, ಒಂದು ಮಡಿ ಕೊತ್ತಂಬರಿ. ಸ್ಕೂಲಿಗೆ ಹೊರಡುವ ಮುಂಚೆ ಇವುಗಳ ಮುಖ ನೋಡದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಆದರೆ ಮೂರು ವರ್ಷದ ಹಿಂದೆ, ಮಣ್ಣು ಸಡಿಲಿಸಿ ಹೊಸದಾಗಿ ಕೊತ್ತಂಬರಿ ಬಿತ್ತಿದ ಮಾರನೆಯ ಬೆಳಿಗ್ಗೆಯೇ ಮಡಿಗೆ ಮೈಲಿಗೆಯಾಯಿತು. ಕೆದರಿದ ಮಣ್ಣು, ಅದರ ಕೆಳಗೆ ಅಚ್ಚುಕಟ್ಟಾಗಿ ಮುಚ್ಚಿಟ್ಟ ಹೊಲಸು. ನಾತವೋ, ಕೇಳಬೇಡಿ. "ನೀನು ಬಿತ್ತಿದ್ದು ಕೊತ್ತಂಬರಿಯಲ್ಲ ಕಣೇ, ಕೊತ್ತಿ ಅಂಬರಿ" ಎಂದು ನಮ್ಮ ಯಜಮಾನರು ನಕ್ಕರು. ಗುಡಿಸಿ ತೆಗೆಯುವವಳು ನಾನಲ್ಲವೇ, ಅವರು ನಗಬಹುದು.

ಬೀದಿಯಲ್ಲಿ ಎಲ್ಲರೂ ಒಂದೊಂದು ಉಪಾಯ ಹೇಳಿದರು. ನೀಲಿ ನೀರು ತುಂಬಿದ ಬಾಟಲಿ ನೇತುಹಾಕಿದೆ. ಕೊತ್ತಿ ಅದರ ನೆರಳಲ್ಲೇ ಕೂತು ಮೈ ನೆಕ್ಕಿಕೊಂಡಿತು. ಕಿತ್ತಳೆ ಸಿಪ್ಪೆ ಹರಡಿದೆ, ಒಣಗಿದ ಮೇಲೆ ಅದಕ್ಕೂ ಬೆಲೆ ಕೊಡಲಿಲ್ಲ. ಇಷ್ಟರಲ್ಲಿ ಮಗಳು ಐದು ತಿಂಗಳ ಬಸುರಿ, ವಿಶ್ರಾಂತಿಗೆಂದು ಬಂದಳು. ಡಾಕ್ಟರು ಅವಳಿಗೆ ಬೆಕ್ಕಿನ ಹೊಲಸು ಬಿದ್ದ ಮಣ್ಣು ಮುಟ್ಟಬೇಡ, ಸೊಪ್ಪು ಚೆನ್ನಾಗಿ ತೊಳೆಯದೆ ತಿನ್ನಬೇಡ ಎಂದು ಹೇಳಿ ಕಳಿಸಿದ್ದರು. ಆಗ ನನ್ನ ಸಿಟ್ಟು ಭಯವಾಯಿತು. ಭಯದಲ್ಲಿ ಮಾಡಿದ್ದನ್ನು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ.

ನಮ್ಮದು ಹೊಗೆಸೊಪ್ಪಿನ ಸೀಮೆ. ಅರಕಲಗೂಡು ತಾಲ್ಲೂಕಿನ ಈ ಭಾಗದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನುಗಳು ಎಷ್ಟೋ ಹೊಲಗಳಲ್ಲಿವೆ, ಹರಾಜಿಗೆ ರಾಮನಾಥಪುರದ ಮಾರುಕಟ್ಟೆ ಇದೆ. ಪರಿಚಯದವರ ಬ್ಯಾರನ್ನಿನಿಂದ ಒಂದು ಚೀಲ ಹೊಗೆಸೊಪ್ಪಿನ ಪುಡಿ ತರಿಸಿ ಮಡಿಗಳ ತುಂಬಾ ಎರಚಿದೆ. ಎರಡು ದಿನ ಕೊತ್ತಿ ಬರಲಿಲ್ಲ. ಮೂರನೆಯ ದಿನ ಪಕ್ಕದ ಮನೆ ಅಜ್ಜಿಯ ಜಗುಲಿಯಲ್ಲಿ ಅದು ಬಾಯಿಂದ ಜೊಲ್ಲು ಸುರಿಸುತ್ತಾ, ವಾಂತಿ ಮಾಡುತ್ತಾ, ತೂರಾಡುತ್ತಿತ್ತು. ಸಂಜೆಗೆ ಸತ್ತಿತು. ಪುಡಿ ಕಾಲಿಗೆ ಅಂಟಿರುತ್ತದೆ, ಕಾಲು ನೆಕ್ಕುವುದು ಅದರ ಅಭ್ಯಾಸ. ಹೊಗೆಸೊಪ್ಪಿನ ನಿಕೋಟಿನ್ ಬೆಕ್ಕಿಗೆ ವಿಷ ಎಂದು ಆಮೇಲೆ ಓದಿ ತಿಳಿದೆ. ಅಟ್ಟದ ಮೇಲೆ ಕಣ್ಣು ಬಿಡದ ಎರಡು ಮರಿಗಳಿದ್ದವು.

ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನಾಲ್ಕನೆಯ ದಿನ ಅಜ್ಜಿಗೆ ಹೋಗಿ ಹೇಳಿದೆ. ಅವರು ಬತ್ತಿಯನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗೆ ಇಡುತ್ತಿದ್ದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದೇನ್ ಮಾಡ್ತದೆ ಟೀಚರಮ್ಮ? ಮೊದ್ಲು ನಮ್ಮನೇಲಿ ಬೂದಿಗುಂಡಿ ಇತ್ತು, ತಿಪ್ಪೆ ಇತ್ತು. ಈಗ ಬೀದೀಲೆಲ್ಲಾ ಕಾಂಕ್ರೀಟು. ಮಣ್ಣು ಅಂತ ಉಳ್ದಿರೋದು ನಿಮ್ ಹಿತ್ಲಲ್ಲೇ" ಎಂದರು.

ಇಪ್ಪತ್ತೈದು ವರ್ಷದಿಂದ ಸಮಾಜ ವಿಜ್ಞಾನ ಪಾಠ ಮಾಡುತ್ತಿರುವ ನನಗೆ ಹೊಳೆಯದ ಚರಿತ್ರೆ ಅದು. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಸಾಲಿನಲ್ಲಿ ಹನ್ನೊಂದು ಮನೆ. ಹತ್ತರ ಹಿತ್ತಲಿಗೆ ಸಿಮೆಂಟು ಬಿದ್ದಿದೆ. ಗ್ಯಾಸ್ ಒಲೆ ಬಂದು ಬೂದಿ ಹೋಯಿತು, ಹಾಲಿನ ಪ್ಯಾಕೆಟ್ ಬಂದು ಹಸು ಹೋಯಿತು, ಹಸುವಿನ ಹಿಂದೆ ತಿಪ್ಪೆಯೂ ಹೋಯಿತು. ಸಡಿಲವಾದ, ಒಣಗಿದ ಮಣ್ಣು ಕೆದರಿ ತನ್ನ ಹೊಲಸನ್ನು ತಾನೇ ಮುಚ್ಚುವ ಪ್ರಾಣಿ ಅದು. ಮನುಷ್ಯರಲ್ಲೂ ಈ ಶಿಸ್ತು ಎಷ್ಟು ಜನಕ್ಕಿದೆ, ನೀವೇ ಹೇಳಿ.

ಹಾಗೆ ನೋಡಿದರೆ ಬೆಕ್ಕು ನಮ್ಮ ಬಳಿಗೆ ಬಂದದ್ದೇ ನಮ್ಮ ಕಾಳಿನ ದೆಸೆಯಿಂದ. ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಬೇಸಾಯ ಕಲಿತು ಕಾಳು ಕೂಡಿಟ್ಟಾಗ ಇಲಿ ಬಂತು, ಇಲಿಯ ಹಿಂದೆ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಬೆಕ್ಕಿನ ಮೂಳೆ ಸಿಕ್ಕಿದ್ದು 2004ರಲ್ಲಿ ಪ್ರಕಟವಾಯಿತು. ಈಜಿಪ್ಟಿನವರು ಅದನ್ನು ದೇವತೆಯನ್ನಾಗಿಯೇ ಮಾಡಿಕೊಂಡರು. ಬೆಕ್ಕು ಸತ್ತರೆ ಮನೆಯವರೆಲ್ಲಾ ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಹೆರೊಡೊಟಸ್ ಬರೆದಿದ್ದಾನೆ. ನನ್ನ ಹುಬ್ಬು ಇನ್ನೂ ಇದೆ, ಬಿಡಿ.

ನಮ್ಮ ಕಡೆ ದೇವತೆಯಾಗಲಿಲ್ಲ, ಕೆಲಸದಾಳಾಯಿತು. ನಮ್ಮ ತವರುಮನೆಯಲ್ಲಿ ರಾಗಿಗೆ ಹಗೇವಿತ್ತು. ನೆಲದೊಳಗಿನ ಆ ಗುಂಡಿಯ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿಗೆ ಹುಳ ಬೀಳುತ್ತಿರಲಿಲ್ಲ. ಬತ್ತ ಮಾತ್ರ ಮೇಲಿನ ಕಣಜದಲ್ಲಿ, ಅದರ ಕಾವಲಿಗೆ ಕೊತ್ತಿ. ರಾತ್ರಿ ಕೆಲಸ, ಹಗಲು ಆರಿದ ಒಲೆಯ ಬೂದಿಯಲ್ಲಿ ನಿದ್ದೆ. ಬಡತನ ಬಂದ ಮನೆಗೆ 'ಒಲೆಯಲ್ಲಿ ಬೆಕ್ಕು ಮಲಗಿದೆ' ಎನ್ನುವುದು ಇದರಿಂದಲೇ.

ಈ ಕಾವಲಿನ ಬೆಲೆ ಹೆಚ್ಚು ತಿಳಿದದ್ದು ಪ್ಲೇಗಿನ ಕಾಲದಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಮಾರಿ 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು, ಆಮೇಲೆ ದಶಕಗಟ್ಟಲೆ ಮೈಸೂರು ಸೀಮೆಯನ್ನು ಬಿಡಲಿಲ್ಲ. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದು ಆಗಲೇ. ನಮ್ಮ ಅಜ್ಜಿ ಹುಡುಗಿಯಾಗಿದ್ದಾಗ ಮನೆಯಲ್ಲಿ ಇಲಿ ಬಿತ್ತೆಂದರೆ ಪಾತ್ರೆಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಇಲಿಯ ಚಿಗಟವೇ ರೋಗ ಹರಡುತ್ತದೆಂದು ಪಾಲ್ ಲೂಯಿ ಸೈಮಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಅದೇ 1898ರಲ್ಲಿ. ಚಿಗಟದ ವಿಷಯ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ, ಇಲಿ ಬಿದ್ದ ಮನೆ ಬಿಡಬೇಕೆಂಬುದು ಗೊತ್ತಿತ್ತು. 1908ರಲ್ಲಿ ಭಾರತದಲ್ಲಿದ್ದ ಬುಕಾನನ್ ಎಂಬ ಸೇನಾ ವೈದ್ಯ, ಪ್ಲೇಗು ತಡೆಯಲು ಮನೆಮನೆಗೂ ಬೆಕ್ಕು ಸಾಕಿರೆಂದು ಇಂಗ್ಲೆಂಡಿನ ವೈದ್ಯಪತ್ರಿಕೆಯಲ್ಲಿ ಬರೆದ. ಬೆಕ್ಕಿಗೂ ಪ್ಲೇಗು ತಗಲುತ್ತದೆ, ಅದರಿಂದ ಮನುಷ್ಯರಿಗೂ ಬರಬಹುದು ಎಂದು ಈಗ ತಿಳಿದಿದೆ. ಆದ್ದರಿಂದ ಅವನ ಸಲಹೆಯನ್ನು ಪೂರ್ತಿ ಒಪ್ಪುವ ಹಾಗಿಲ್ಲ.

ಸ್ವಾರಸ್ಯವೆಂದರೆ, ಮಗಳ ಡಾಕ್ಟರು ಹೆದರಿದ ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಟ್ಯುನಿಸ್ ನಗರದಲ್ಲಿ ಕಣ್ಣಿಗೆ ಬಿದ್ದದ್ದೂ ಅದೇ 1908ರಲ್ಲಿ. ಅದು ಬೆಕ್ಕಿನ ಕರುಳಿನಲ್ಲಿ ಬೆಳೆದು ಹೊಲಸಿನ ಮೂಲಕ ಮಣ್ಣಿಗೆ ಸೇರುತ್ತದೆಂದು ಖಚಿತವಾದದ್ದು ಮಾತ್ರ 1970ರ ಹೊತ್ತಿಗೆ. ಬಸುರಿಯಲ್ಲಿ ಮೊದಲ ಬಾರಿಗೆ ಈ ಸೋಂಕು ತಗಲಿದರೆ ಮಗುವಿಗೆ ಅಪಾಯ. ಭಯ ಸುಳ್ಳಲ್ಲ. ಆದರೆ ಹೊಲಸು ಬಿದ್ದ ಕೂಡಲೇ ಅದು ಸೋಂಕು ತರುವುದಿಲ್ಲ, ಒಂದರಿಂದ ಐದು ದಿನ ಬೇಕು. ದಿನಾ ಬೆಳಿಗ್ಗೆ ಬಸುರಿಯಲ್ಲದ ಒಬ್ಬರು ಕೈಚೀಲ ಹಾಕಿಕೊಂಡು ತೆಗೆದು ಬಿಸಾಡಿದರೆ ಅರ್ಧ ಭಯ ಹೋಯಿತು. ಬಿಟ್ಟರೆ ಮಾತ್ರ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಣ್ಣಿನ ಕೆಲಸ ಮಾಡಿದ ಕೈ, ಹಿತ್ತಲ ಸೊಪ್ಪು ಎರಡನ್ನೂ ಚೆನ್ನಾಗಿ ತೊಳೆಯಬೇಕು.

ಹೊಗೆಸೊಪ್ಪಿನ ಪುಡಿ ಬಿದ್ದ ಮೇಲ್ಮಣ್ಣನ್ನೆಲ್ಲಾ ಕೆರೆದು ತೆಗೆಸಿದೆ. ನುಸಿಗುಳಿಗೆ ಹಾಕಿ ಎಂದವರಿದ್ದಾರೆ, ಅದೂ ವಿಷವೇ. ಈಗ ಬೀಜ ಬಿತ್ತಿದ ಮಡಿಯ ಮೇಲೆ ಕೋಳಿಬಲೆ ಹಾಸುತ್ತೇನೆ, ಮೊಳಕೆ ಬಂದು ಗಿಡ ಗಟ್ಟಿಯಾಗುವ ತನಕ ತೆಗೆಯುವುದಿಲ್ಲ. ದಂಟಿನ ಸಾಲುಗಳ ನಡುವೆ ನಿಂಬೆಯ ಮುಳ್ಳುಕಡ್ಡಿ, ಮಲ್ಲಿಗೆ ಬುಡಕ್ಕೆ ತೆಂಗಿನ ಮಟ್ಟೆ. ಸಂಜೆ ನೀರು ಹಾಕಿ ಮಣ್ಣು ಒದ್ದೆ ಇಟ್ಟರೆ ಕೊತ್ತಿಗೆ ಕಾಲಿಡಲು ಇಷ್ಟವಿಲ್ಲ. ಇಷ್ಟೆಲ್ಲಾ ಬಂದೋಬಸ್ತು ಮಾಡಿ ಅದಕ್ಕೆ ಜಾಗವನ್ನೇ ಕೊಡದಿದ್ದರೆ ಹೇಗೆ? ಅಜ್ಜಿಯ ಗೋಡೆಯ ಮಗ್ಗುಲಲ್ಲಿ, ಮಳೆ ಬೀಳದ ಸೂರಿನ ಕೆಳಗೆ, ಎರಡು ಬಾಂಡಲಿ ಒಣ ಮರಳು ಸುರಿದಿದ್ದೇನೆ. ಮನೆ ಕಟ್ಟಿಸಿದಾಗ ಉಳಿದದ್ದು.

ಮಗಳಿಗೆ ಸುಖವಾಗಿ ಹೆರಿಗೆಯಾಯಿತು. ಮರಿಗಳಲ್ಲಿ ಒಂದು ಉಳಿಯಲಿಲ್ಲ. ಉಳಿದ ಒಂದಕ್ಕೆ ತಾಯಿಯದೇ ಬಣ್ಣ, ಬೂದಿಗೆ ಕಪ್ಪು ಪಟ್ಟೆ. ಆರು ತಿಂಗಳಿಗೆ ಮರಳು ಕಂಡುಕೊಂಡಿತು. ಹಾಗೆಂದು ಪೂರ್ತಿ ನಂಬುವ ಹಾಗಿಲ್ಲ, ಮೊನ್ನೆ ಬಲೆ ತೆಗೆದ ದಿನವೇ ದಂಟಿನ ಮಡಿಯಲ್ಲಿ ಗುಂಡಿ ತೋಡಿತ್ತು. ಗೋಡೆಯಾಚೆಯಿಂದ ಅಜ್ಜಿ, "ಟೀಚರಮ್ಮಾ, ನೋಡ್ಲಿಲ್ಲ ಅನ್ಕೊಳ್ಳಿ" ಎಂದರು. ನಾನು ಕೈಚೀಲ ಹುಡುಕಲು ಹೋದೆ.