ಶೆಟ್ಟರ ಗೊಂಬೆಯಿಂದ ಹಲಗೆ ಅಂಗಡಿಯವರೆಗೆ

ದಸರೆ ಬಂತೆಂದರೆ ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು ಒಂದೊಂದಾಗಿ ಹೊರಬಂದು ಮೆಟ್ಟಿಲ ಮೇಲೆ ಕೂರುತ್ತವೆ. ಮೇಲುಗಡೆ ಪಟ್ಟದ ಗೊಂಬೆಗಳಾದ ರಾಜ-ರಾಣಿ, ಅವರ ಕೆಳಗೆ ದಶಾವತಾರ, ಮದುವೆ ದಿಬ್ಬಣ, ಕುದುರೆ ಸವಾರರು. ಎಲ್ಲಕ್ಕಿಂತ ಕೆಳಗೆ, ನೆಲಕ್ಕೆ ಸಮೀಪದಲ್ಲಿ, ಡೊಳ್ಳುಹೊಟ್ಟೆಯ ಶೆಟ್ಟರು ಮತ್ತು ಅವರ ಪಕ್ಕದಲ್ಲಿ ಶೆಟ್ಟಮ್ಮ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಕಾಳು, ಬೆಲ್ಲದ ಚೂರು, ಅರಿಶಿನದ ಕೊಂಬು. ಇದು ಶೆಟ್ಟರ ಅಂಗಡಿ.

ರಾಜ-ರಾಣಿಯನ್ನು ಮುಟ್ಟಿದರೆ ಅಜ್ಜಿ ಗದರುತ್ತಾರೆ. ಶೆಟ್ಟರ ಅಂಗಡಿಗೆ ಮಾತ್ರ ಅಷ್ಟು ಬಿಗಿ ಕಾವಲಿಲ್ಲ. ಬಟ್ಟಲಿಗೆ ಬೇಳೆ ತುಂಬುವುದು, ಚೆಲ್ಲಿದ್ದನ್ನು ಬಳಿಯುವುದು, ಯಾರೂ ನೋಡದಾಗ ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು ಎಲ್ಲವೂ ಮಕ್ಕಳ ಪಾಲು. ನೋಡಲೆಂದು ಇಟ್ಟ ಇಡೀ ಸಾಲಿನಲ್ಲಿ ಆಡಲು ಬರುವುದು ಇದೊಂದೇ.

ಮಗುವಿಗೆ ಮರದ ಆಟದ ಅಂಗಡಿ ಮಾಡಿಕೊಡುವುದು ಈಚಿನ ಪಟ್ಟಣದ ಶೋಕಿ ಎಂದು ಭಾವಿಸುವವರಿದ್ದಾರೆ. ಶೆಟ್ಟರ ಗೊಂಬೆಯನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಆಟದ ಅಂಗಡಿಗೆ ನಮ್ಮಲ್ಲಿ ತನ್ನದೇ ಚರಿತ್ರೆಯಿದೆ. ಅಳತೆ, ನಾಣ್ಯ, ಮರಗೆಲಸ, ಶಾಲೆ ಇವೆಲ್ಲವೂ ಅದರೊಳಗೆ ಬಂದುಹೋಗಿವೆ.

ಅರಮನೆಯ ಗೊಂಬೆ, ಜರ್ಮನಿಯ ಅಂಗಡಿ

ವಿಜಯನಗರದ ನವರಾತ್ರಿಯ ಸಂಪ್ರದಾಯವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಅರಮನೆಯ ದಸರೆ ಬೀದಿಯಲ್ಲಿ ಮೆರವಣಿಗೆಯಾದರೆ, ಮನೆಯೊಳಗೆ ಅದು ಗೊಂಬೆಗಳ ಸಾಲಾಯಿತು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ 1912ರಲ್ಲಿ ಪೂರ್ಣಗೊಂಡ ಈಗಿನ ಮೈಸೂರು ಅರಮನೆಯಲ್ಲೂ ಗೊಂಬೆಗಳಿಗೆ 'ಗೊಂಬೆ ತೊಟ್ಟಿ' ಎಂಬ ಜಾಗ ಮೀಸಲಾಗಿದೆ.

ಪಟ್ಟದ ಗೊಂಬೆಗಳು ಬರುತ್ತಿದ್ದುದು ಹೆಚ್ಚಾಗಿ ತಿರುಪತಿಯ ಕಡೆಯಿಂದ. ಶೇಷಾಚಲದ ಬೆಟ್ಟಗಳಲ್ಲಿ ಬೆಳೆಯುವ ರಕ್ತಚಂದನದಲ್ಲಿ ಅವನ್ನು ಕೆತ್ತುತ್ತಿದ್ದರು. ಮದುವೆಯಲ್ಲಿ ತವರಿನವರು ಮಗಳಿಗೆ ಒಂದು ಜೊತೆ ಕೊಡುವುದು ವಾಡಿಕೆ. ಶೆಟ್ಟರ ಗೊಂಬೆಗೆ ಆ ಗೌರವವಿರಲಿಲ್ಲ. ಅದು ಮಣ್ಣಿನದೋ ಕಾಗದದ ರೊಟ್ಟಿನದೋ ಆಗಿರುತ್ತಿತ್ತು. ತಮಿಳರ ಕೊಲುವಿನಲ್ಲಿ ಅದೇ ಗೊಂಬೆಗೆ ಚೆಟ್ಟಿಯಾರ್ ಎಂದು ಹೆಸರು.

ಇದೇ ಬಗೆಯ ಆಟಿಕೆ ಜರ್ಮನಿಯಲ್ಲೂ ಬೆಳೆಯಿತು. ಆಟಿಕೆಗಳಿಗೆ ಹೆಸರಾದ ನ್ಯೂರೆಂಬರ್ಗಿನಂಥ ಊರುಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಮರದ ಪುಟ್ಟ ಕಿರಾಣಿ ಅಂಗಡಿಗಳು ಮಧ್ಯಮ ವರ್ಗದ ಮನೆಗಳಿಗೆ ಹೋದವು. ಸಾಲು ಸಾಲು ಸೆಳೆಖಾನೆ, ಎದುರಿಗೊಂದು ಕಟ್ಟೆ, ಅದರ ಮೇಲೆ ತಕ್ಕಡಿ. ಅದಕ್ಕೆ 'ಕೌಫ್‌ಲಾಡೆನ್' ಎಂದು ಹೆಸರು. ಅನೇಕ ಮನೆಗಳಲ್ಲಿ ಆ ಅಂಗಡಿ ಹೊರಬರುತ್ತಿದ್ದುದು ಕ್ರಿಸ್ಮಸ್ಸಿಗೆ ಮಾತ್ರ. ಹಬ್ಬ ಕಳೆದು ಕೆಲವು ವಾರಕ್ಕೆ ಮತ್ತೆ ಅಟ್ಟ ಸೇರುತ್ತಿತ್ತು. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳ ಅಜ್ಜಿಯರು ಒಂದೇ ಉಪಾಯ ಕಂಡುಕೊಂಡಿದ್ದರು: ವರ್ಷಕ್ಕೊಮ್ಮೆ ಕೈಗೆ ಸಿಗುವ ಆಟಿಕೆ ಮಕ್ಕಳಿಗೆ ಬೇಸರ ತರಿಸುವುದಿಲ್ಲ.

ಕರಟದ ತಕ್ಕಡಿ

ಆದರೆ ಗೊಂಬೆ ಕೂರಿಸುವುದು ಎಲ್ಲರ ಮನೆಯ ಹಬ್ಬವಾಗಿರಲಿಲ್ಲ. ಅದಕ್ಕೆ ಜಾಗ ಬೇಕು, ಪೆಟ್ಟಿಗೆ ಬೇಕು, ಒಂಬತ್ತು ದಿನ ಬಂದವರಿಗೆ ಹಂಚುವಷ್ಟು ಚರ್ಪು ಬೇಕು. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಂಥ ಗಡಿಯೂರುಗಳ ಹೊಲಗೆಲಸದ ಮನೆಗಳಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ಅಲ್ಲಿ ಅಂಗಡಿ ಆಟ ನಡೆಯುವುದು ಜಗುಲಿಯಲ್ಲಿ ಅಥವಾ ಹೊಂಗೆ ಮರದ ನೆರಳಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿಗೂ ತೊಂದರೆಯಿಲ್ಲ. 'ಅಂಗಡಿ' ಎಂಬ ಮಾತು ಎರಡೂ ಭಾಷೆಗೆ ಸೇರಿದ್ದು.

ಬೇಕಾದ ಸಾಮಾನು ಇಷ್ಟೆ: ಎರಡು ತೆಂಗಿನ ಕರಟ, ಏಳು ತುಂಡು ದಾರ, ಒಂದು ನೇರವಾದ ಕಡ್ಡಿ. ಒಂದೊಂದು ಕರಟಕ್ಕೆ ಮೂರು ತೂತು ಕೊರೆದು ದಾರ ಕಟ್ಟಿ ಕಡ್ಡಿಯ ಎರಡು ತುದಿಗೆ ತೂಗುಹಾಕಿ, ನಡುವೆ ಒಂದು ದಾರ ಹಿಡಿದರೆ ತಕ್ಕಡಿ ಸಿದ್ಧ. ಮರಳೇ ಸಕ್ಕರೆ, ಕೆಮ್ಮಣ್ಣೇ ಬೆಲ್ಲ, ಹೊಂಗೆ ಎಲೆಯೇ ನೋಟು, ಹೆಂಚಿನ ಚೂರೇ ಚಿಲ್ಲರೆ.

ಕೊಂಡ ಆಟಿಕೆಗೂ ಮನೆಯಲ್ಲೇ ಮಾಡಿದ ಆಟಿಕೆಗೂ ನಡುವಿನ ಈ ಅಂತರ ಹಳೆಯದು. ಶೂದ್ರಕನ 'ಮೃಚ್ಛಕಟಿಕ' ನಾಟಕಕ್ಕೆ ಆ ಹೆಸರು ಬಂದದ್ದೇ ಒಂದು ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗ ತನಗೆ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ಬಡತನವೆಂದರೇನು ಎಂಬುದು ಮಗುವಿಗೆ ಮೊದಲು ತಿಳಿಯುವುದು ಆಟಿಕೆಯ ಮೂಲಕ. ಅಂಗಡಿ ಆಟ ಮಾತ್ರ ಇಲ್ಲಿ ಸ್ವಲ್ಪ ಉದಾರಿ. ಅದರಲ್ಲಿ ಸರಕಿಗಿಂತ ಮಾತು ಹೆಚ್ಚು. ವ್ಯಾಪಾರ ಒಂದು ಜಾತಿಯ ಕಸುಬೆಂದು ಶೆಟ್ಟರ ಗೊಂಬೆ ಹೇಳುತ್ತದೆ. ಜಗುಲಿಯ ಆಟದಲ್ಲಿ ಅಂಗಡಿಯವರಾಗುವುದಕ್ಕೆ ಸರದಿಯುಂಟು, ಜಾತಿಯಿಲ್ಲ.

ಅರ್ಧದ ಅರ್ಧ

ಕರಟದ ತಕ್ಕಡಿಗೆ ಬೊಟ್ಟು ಇರುವುದಿಲ್ಲ. ಬೊಟ್ಟಿಲ್ಲದೆ ಅದು ಖಚಿತವಾಗಿ ಮಾಡಬಲ್ಲ ಕೆಲಸ ಒಂದೇ, ಒಂದು ರಾಶಿಯನ್ನು ಸರಿಯಾಗಿ ಎರಡು ಪಾಲು ಮಾಡುವುದು. ಎರಡೂ ಕರಟಕ್ಕೆ ಸುರಿಯುತ್ತ ಹೋಗಿ ಕಡ್ಡಿ ನೇರವಾದಾಗ ನಿಲ್ಲಿಸಿದರಾಯಿತು. ಒಂದು ಪಾಲನ್ನು ಮತ್ತೆ ಹಾಗೆಯೇ ಒಡೆದರೆ ಕಾಲು ಭಾಗ, ಇನ್ನೊಮ್ಮೆ ಒಡೆದರೆ ಅರೆಕಾಲು.

ನಮ್ಮ ಹಳೆಯ ಅಳತೆಗಳು ನಿಂತದ್ದು ಈ ಲೆಕ್ಕದ ಮೇಲೆಯೇ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಪಾವಿನ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಒಂದು ಸೇರಿಗೆ 16 ಚಟಾಕು. ಸುಮಾರು 4,500 ವರ್ಷಗಳ ಹಿಂದಿನ ಸಿಂಧೂ ಬಯಲಿನ ನಗರಗಳಲ್ಲಿ ದೊರೆತ ಘನಾಕೃತಿಯ ಕಲ್ಲಿನ ಬೊಟ್ಟುಗಳು ಕೂಡ 1, 2, 4, 8, 16, 32, 64 ಎಂದು ಇಮ್ಮಡಿಯಾಗುತ್ತ ಹೋಗುತ್ತವೆ. ತಕ್ಕಡಿ ಇರುವ ಕಡೆ ಇಂಥ ಲೆಕ್ಕ ಸಹಜವಾಗಿ ಹುಟ್ಟಿಕೊಳ್ಳುತ್ತದೆ.

ನಾಣ್ಯವೂ ಇದಕ್ಕೆ ಹೊಂದಿಕೊಂಡಿತ್ತು. ರೂಪಾಯಿಗೆ 16 ಆಣೆ. ಸೇರು ಒಂದು ರೂಪಾಯಿಯಾದರೆ ಅಚ್ಚೇರಿಗೆ ಎಂಟಾಣೆ, ಪಾವಿಗೆ ನಾಲ್ಕಾಣೆ, ಚಟಾಕಿಗೆ ಒಂದಾಣೆ. ಕಾಗದ ಪೆನ್ಸಿಲು ಮುಟ್ಟದ ಅಂಗಡಿಯಾತ ಬಾಯಲ್ಲೇ ಲೆಕ್ಕ ಹೇಳುತ್ತಿದ್ದುದರ ಗುಟ್ಟು ಅರ್ಧದಷ್ಟು ಇದರಲ್ಲಿದೆ. ಇದಕ್ಕೊಂದು ದೊಡ್ಡ ದೋಷವೂ ಇತ್ತು. ಒಂದೂರಿನ ಸೇರು ಇನ್ನೊಂದೂರಿನ ಸೇರಲ್ಲ. ಸಂತೆಯಿಂದ ಸಂತೆಗೆ ಅಳತೆ ಬದಲಾದರೆ ನಷ್ಟ ಅನುಭವಿಸುವವನು ರೈತನೇ.

ಆ ಗೊಂದಲ ಕೊನೆಗೊಳ್ಳಲು ಸ್ವಾತಂತ್ರ್ಯ ಬರಬೇಕಾಯಿತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು. 1957ರ ಏಪ್ರಿಲ್ 1ರಂದು ರೂಪಾಯಿ 100 ನಯಾ ಪೈಸೆಯಾಯಿತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ ಅಂಗಡಿಗಳಿಗೆ ಬಂತು. ಒಂದು ಆಣೆಗೆ ಆರೂಕಾಲು ಪೈಸೆ ಎಂಬ ಒರಟು ಲೆಕ್ಕಕ್ಕೆ ಜನ ಒಗ್ಗಿಕೊಳ್ಳಬೇಕಾಯಿತು. ಕಾಗದದಲ್ಲಿ ಆಣೆ ಹೋಯಿತು, ನಾಲಗೆಯಲ್ಲಿ ಉಳಿಯಿತು. 2011ರ ಜೂನ್ 30ರಂದು ಚಲಾವಣೆ ಕಳೆದುಕೊಂಡ 25 ಪೈಸೆಯ ನಾಣ್ಯವನ್ನು ಜನ ಕಡೆಯತನಕ 'ನಾಲ್ಕಾಣೆ' ಎಂದೇ ಕರೆದರು.

ಬುಗುರಿಯ ಊರು, ಹಲಗೆಯ ಕೆಲಸ

ಮರದ ಆಟಿಕೆ ಎಂದೊಡನೆ ಕನ್ನಡಿಗರ ಬಾಯಿಗೆ ಬರುವುದು ಚನ್ನಪಟ್ಟಣ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ಆಶ್ರಯ ಕೊಟ್ಟನೆಂದು ಪ್ರತೀತಿ. ಹಾಲೆ ಮರದ ತುಂಡನ್ನು ತಿರುಗಣೆಗೆ ಸಿಕ್ಕಿಸಿ, ಉಳಿಯಿಂದ ರೂಪ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರದು ಬೇರೆ ದಾರಿ. ಅವರು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಜೋಡಿಸಿ ಬಣ್ಣ ಬರೆಯುತ್ತಾರೆ.

ತಿರುಗಣೆಯಲ್ಲಿ ಹುಟ್ಟುವುದು ದುಂಡನೆಯ ವಸ್ತು. ಆದ್ದರಿಂದ ಚನ್ನಪಟ್ಟಣದಿಂದ ಬಂದದ್ದು ಬುಗುರಿ, ಗಿಲಕಿ, ಪುಟ್ಟ ಅಡುಗೆ ಪಾತ್ರೆಗಳು. ಅಂಗಡಿಯೆಂದರೆ ಚೌಕಟ್ಟು, ಹಲಗೆ, ಖಾನೆ. ಅದು ಊರ ಆಚಾರಿಯ ಕೆಲಸ. ನೇಗಿಲು, ಬಾಗಿಲು ಮಾಡಿ ಉಳಿದ ಚೂರುಗಳಲ್ಲಿ ಅವರು ಮಕ್ಕಳಿಗೆ ಮೂರು ಗಾಲಿಯ ನಡೆಗಾಡಿ ಮಾಡಿಕೊಡುತ್ತಿದ್ದರು. ಹಲಗೆ ಅಂಗಡಿಯೂ ಅದೇ ಜಾತಿಯ ವಸ್ತು. ಅದಕ್ಕೆ ಪೇಟೆಯಿಲ್ಲ, ಬ್ರಾಂಡಿಲ್ಲ. ಒಂದು ಮಗುವಿಗಾಗಿ ಒಂದೇ ಒಂದು ತಯಾರಾಗುತ್ತದೆ.

ಮಾವಿಗೆ ಹೆಸರಾದ ಶ್ರೀನಿವಾಸಪುರ, ಟೊಮೆಟೊಗೆ ಹೆಸರಾದ ಕೋಲಾರದ ಕಡೆ ಇದಕ್ಕೆ ಸಾಮಗ್ರಿ ಹುಡುಕಬೇಕಿಲ್ಲ. ಟೊಮೆಟೊ ಪ್ಲಾಸ್ಟಿಕ್ ಕ್ರೇಟಿಗೆ ಬದಲಾದರೂ ಹಣ್ಣಿನ ಹಲಗೆ ಪೆಟ್ಟಿಗೆ ಇನ್ನೂ ಕಾಣಸಿಗುತ್ತದೆ. ಅಂಥ ಎರಡು ಪೆಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿದರೆ ಅವೇ ಖಾನೆಗಳು. ಮೇಲೆ ಒಂದು ಹಲಗೆ ಬಡಿದರೆ ಕಟ್ಟೆ. ನಾಲ್ಕು ವರ್ಷದ ಮಗುವಿಗೆ ಕಟ್ಟೆ ಇಪ್ಪತ್ತು ಇಂಚು ಎತ್ತರವಿದ್ದರೆ ಸಾಕು. ಹಿಂದೆ ಎರಡು ರೀಪರು ನಿಲ್ಲಿಸಿ ಅಡ್ಡಪಟ್ಟಿ ಹೊಡೆದರೆ ಅಂಗಡಿಗೊಂದು ಬೋರ್ಡು. ಮಗು ಎಳೆದಾಗ ಮಗುಚದಂತೆ ತಳ ಅಗಲವಾಗಿರಬೇಕು, ಮೊಳೆಯ ತುದಿ ಹೊರಗೆ ಬರಬಾರದು, ಸೀಳು ಚುಚ್ಚದಂತೆ ಸ್ಯಾಂಡ್ ಪೇಪರಿನಿಂದ ಚೆನ್ನಾಗಿ ಉಜ್ಜಬೇಕು.

ಬಣ್ಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಮೂಲೆಯಲ್ಲಿ ಉಳಿದ ಹಳೆಯ ಡಬ್ಬಿಯ ಬಣ್ಣವನ್ನು ಆಟಿಕೆಗೆ ಬಳಿಯುವುದು ಬೇಡ. ಅಕ್ಕಸಾಲಿಗರ ತಕ್ಕಡಿಯಲ್ಲಿ ಬೊಟ್ಟಾಗಿದ್ದ ಗುಲಗಂಜಿ ನೋಡಲು ಅಂದ, ಆದರೆ ಅಗಿದು ನುಂಗಿದರೆ ಕಡುವಿಷ. ಮೂರು ವರ್ಷದೊಳಗಿನ ಮಕ್ಕಳಿರುವಲ್ಲಿ ಗಂಟಲಿಗೆ ಸಿಕ್ಕುವ ಹುಣಸೆಬೀಜವೂ ಬೇಡ.

ಗಡಿಯಾಚೆಯಿಂದ ಬಂದ ಪಾಠ

ಈ ಆಟದಲ್ಲಿ ಪಾಠವಿದೆ ಎಂಬುದನ್ನು ಶಾಲೆಗಳು ಒಪ್ಪಲು ಬಹಳ ಕಾಲ ಹಿಡಿಯಿತು. ಜರ್ಮನಿಯ ಫ್ರೋಬೆಲ್ 1837ರಲ್ಲಿ ಮರದ ಚೆಂಡು, ಘನಗಳನ್ನು ಮಕ್ಕಳ ಕೈಗೆ ಕೊಟ್ಟು ಕಿಂಡರ್‌ಗಾರ್ಟನ್ನಿಗೆ ಅಡಿಪಾಯ ಹಾಕಿದರು. ನಮ್ಮಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಆದರೂ ಸಾಮಾನ್ಯ ಶಾಲೆಯಲ್ಲಿ ಮಗ್ಗಿಯ ಬಾಯಿಪಾಠವೇ ನಡೆಯಿತು.

ಕರ್ನಾಟಕದ ಮಟ್ಟಿಗೆ ದೊಡ್ಡ ತಿರುವು ಬಂದದ್ದು ಕೋಲಾರದ ನೆರೆಯಿಂದಲೇ. ಗಡಿ ದಾಟಿದರೆ ಸಿಗುವ ಮದನಪಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ಹುಟ್ಟೂರು. ಅದರ ಸಮೀಪದ ಋಷಿವ್ಯಾಲಿಯಲ್ಲಿ ಹಳ್ಳಿ ಮಕ್ಕಳಿಗಾಗಿ ಕಾರ್ಡು, ಆಟ, ಗುಂಪು ಚಟುವಟಿಕೆಗಳ ಕಲಿಕೆ ರೂಪುಗೊಂಡಿತ್ತು. ಹೆಗ್ಗಡದೇವನಕೋಟೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. 1995ರಲ್ಲಿ ಅವರ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಹಬ್ಬಿತು. ಅನೇಕ ಶಾಲೆಗಳು ನಡೆಸುವ 'ಮೆಟ್ರಿಕ್ ಮೇಳ', 'ಮಕ್ಕಳ ಸಂತೆ'ಗಳಲ್ಲಿ ಮಕ್ಕಳೇ ಸೊಪ್ಪು, ತರಕಾರಿ ತಂದು ತೂಗಿ ಮಾರಿ ಲಾಭ-ನಷ್ಟ ಬರೆಯುತ್ತಾರೆ. ಜಗುಲಿಯ ಆಟ ಶಾಲೆಯ ಅಂಗಳಕ್ಕೆ ಬಂದಿದೆ.

ಗಲ್ಲಾ ಪೆಟ್ಟಿಗೆ ಬರಿದಾದಾಗ

ಆಟದ ಅಂಗಡಿ ಯಾವಾಗಲೂ ಊರಿನ ಅಂಗಡಿಯ ನಕಲು. ಈಗ ಊರಿನ ಅಂಗಡಿಯೇ ಬದಲಾಗುತ್ತಿದೆ. ಬೇಳೆ ಪೊಟ್ಟಣದಲ್ಲಿ ಬರುವುದರಿಂದ ತಕ್ಕಡಿ ಏಳುವುದು ಅಪರೂಪ. ಯುಪಿಐ 2016ರಲ್ಲಿ ಬಂದ ಮೇಲೆ ಚಿಲ್ಲರೆ ಎಣಿಸುವುದೂ ಕಡಿಮೆಯಾಗಿದೆ. ಅಮ್ಮ ಮೊಬೈಲನ್ನು ಒಂದು ಚೌಕದ ಮುಂದೆ ಹಿಡಿದರೆ ಅಂಗಡಿಯ ಮೂಲೆಯ ಪೆಟ್ಟಿಗೆ 'ಹಣ ಬಂತು' ಎನ್ನುತ್ತದೆ. ಮಗುವಿನ ಕಣ್ಣಿಗೆ ಹಣ ಕೈ ಬಿಟ್ಟು ಹೋಗುವುದೇ ಕಾಣುವುದಿಲ್ಲ. ಕೊಟ್ಟದ್ದು ಕಡಿಮೆಯಾಗುತ್ತದೆ, ಉಳಿದದ್ದನ್ನು ಎಣಿಸಿಕೊಳ್ಳಬೇಕು ಎಂಬ ಮೊದಲ ತಿಳಿವಳಿಕೆ ಎಲ್ಲಿಂದ ಬರಬೇಕು? ಪಟ್ಟಣದ ಆಟಿಕೆ ಮಳಿಗೆಯಲ್ಲಿ ಸಿಗುವ ಪ್ಲಾಸ್ಟಿಕ್ ಬಿಲ್ಲಿಂಗ್ ಯಂತ್ರ ಈ ಪ್ರಶ್ನೆಗೆ ಉತ್ತರವಲ್ಲ. ಅದು ಕೂಡುವ ಕೆಲಸವನ್ನೂ ತಾನೇ ಮಾಡಿ ಮುಗಿಸುತ್ತದೆ.

ಅಂಗಡಿ ಆಟದಲ್ಲಿ ಮಗು ಕಲಿಯುತ್ತಿದ್ದುದು ಲೆಕ್ಕವೊಂದನ್ನೇ ಅಲ್ಲ. ಚೌಕಾಸಿ ಮಾಡುವುದು, ಇಲ್ಲವೆನ್ನುವುದು, 'ನಾಳೆ ಕೊಡಿ' ಎಂದು ಬರೆದಿಟ್ಟುಕೊಳ್ಳುವುದು, ತೂಕದಲ್ಲಿ ಮೋಸವಾದಾಗ ಜಗಳವಾಡಿ ಮತ್ತೆ ಅದೇ ಅಂಗಡಿಗೆ ಬರುವುದು ಇವೆಲ್ಲ ಅದರೊಳಗಿನ ಪಾಠಗಳೇ. ಇದನ್ನು ದುಡಿಮೆಯೆಂದು ತಿಳಿಯಬಾರದು. ನಿಜವಾದ ಗಲ್ಲಾದ ಹಿಂದೆ ಹೊತ್ತೆಲ್ಲ ನಿಂತು ಶಾಲೆ ತಪ್ಪಿಸಿಕೊಂಡ ಮಕ್ಕಳು ನಮ್ಮ ಪೇಟೆಗಳಲ್ಲಿ ಬಹಳ ಮಂದಿ ಇದ್ದರು. ಆಟದ ಅಂಗಡಿಯನ್ನು ಬೇಸರ ಬಂದಾಗ ಮುಚ್ಚಬಹುದು. ಆ ಸ್ವಾತಂತ್ರ್ಯ ಇರುವ ತನಕವೇ ಅದು ಆಟ.

ಮುಂದಿನ ದಸರೆಗೆ ಗೊಂಬೆ ಕೂರಿಸುವವರು ಶೆಟ್ಟರ ಮುಂದಿನ ಬಟ್ಟಲುಗಳ ನಡುವೆ ಒಂದು ತಕ್ಕಡಿಯನ್ನೂ ಇಡಬಹುದು. ಗೊಂಬೆ ಇಲ್ಲದವರಿಗೆ ಎರಡು ಹಣ್ಣಿನ ಪೆಟ್ಟಿಗೆ, ಒಂದು ಹಿಡಿ ಮೊಳೆ, ಒಂದು ಭಾನುವಾರದ ಮಧ್ಯಾಹ್ನ ಸಾಕು. ಬೆಲೆ ಎಷ್ಟೆಂದು ಮಗುವೇ ಹೇಳುತ್ತದೆ.