ಅಡುಗೆಮನೆಗೆ ಕಾಂಕ್ರೀಟ್ ಕೌಂಟರ್‌ಟಾಪ್: ಹಾಕಿಸುವ ಮುಂಚೆ ತಿಳಿದಿರಲಿ

ಮಂಜೇಶ್ವರ, ಉಪ್ಪಳ, ಕಾಸರಗೋಡು ಕಡೆ ಅಡುಗೆಮನೆಯ ಕಾಂಕ್ರೀಟ್ ಸ್ಲ್ಯಾಬ್ ಹೊಸತೇನಲ್ಲ. ಅದರ ಮೇಲೆ ಟೈಲ್ಸೋ ಗ್ರಾನೈಟೋ ಕೂರಿಸುವುದು ರೂಢಿ. ಹಾಗೆ ಮಾಡದೆ ಕಾಂಕ್ರೀಟನ್ನೇ ಉಜ್ಜಿ, ಬಣ್ಣ ಸೇರಿಸಿ, ಸೀಲರ್ ಹಚ್ಚಿ ಬಳಸಿದರೆ ಅದೇ ಕಾಂಕ್ರೀಟ್ ಕೌಂಟರ್‌ಟಾಪ್. ಬೇಕಾದ ಅಳತೆ, ಆಕಾರ, ಬಣ್ಣ ಸಿಗುತ್ತದೆ. ಹಾಗಂತ ಅಗ್ಗ ಅಂದುಕೊಳ್ಳಬೇಡಿ. ಸಾಮಾನಿಗಿಂತ ಕೂಲಿಯೇ ಜಾಸ್ತಿ. ಗಲ್ಫಿನಲ್ಲಿ ದುಡಿದ ಹಣದಿಂದ ಕಟ್ಟಿಸುವ ಮನೆಯಲ್ಲಿ ಒಮ್ಮೆ ಹಾಕಿದ್ದನ್ನು ಒಡೆದು ತೆಗೆಯುವುದೆಂದರೆ ಎರಡೆರಡು ಖರ್ಚು.

ಭಾರ ಎಷ್ಟು?

40 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಒಂದು ಚದರ ಅಡಿಗೆ ಸುಮಾರು 9 ಕಿಲೋ ತೂಗುತ್ತದೆ, 18 ಮಿಲಿಮೀಟರಿನ ಗ್ರಾನೈಟಿಗಿಂತ ಎರಡು ಪಟ್ಟು. 20 ಚದರ ಅಡಿಗೆ 180 ಕಿಲೋ ಆಯಿತು. ಕೆಂಪುಕಲ್ಲಿನ ಗೋಡೆಯ ಆಧಾರವಿದ್ದರೆ ತೊಂದರೆಯಿಲ್ಲ. ಪ್ಲೈವುಡ್ ಕ್ಯಾಬಿನೆಟ್ ಮೇಲೆ ಕೂರಿಸುವುದಾದರೆ ಅದು ತಡೆಯುತ್ತದಾ ಅಂತ ಮೊದಲೇ ಕೇಳಿ.

ಎರಕ ಹಾಕುವಾಗ

ಕರಾವಳಿಯಲ್ಲಿ ದೊಡ್ಡ ಶತ್ರು ಉಪ್ಪು. ಸಮುದ್ರದ ಹೊಯ್ಗೆ, ಉಪ್ಪು ಬರುವ ಬಾವಿಯ ನೀರು ಬೇಡವೇ ಬೇಡ. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಐಎಸ್ 456. ತೆಳು ಸ್ಲ್ಯಾಬಿನಲ್ಲಿ ಕಬ್ಬಿಣಕ್ಕೆ ಹೊದಿಕೆಯೂ ಕಡಿಮೆ, ಹಾಗಾಗಿ ತುಕ್ಕು ಬೇಗ ಹಿಡಿಯುತ್ತದೆ. ಸಿಂಕಿನ ರಂಧ್ರದ ನಾಲ್ಕು ಮೂಲೆಗಳಲ್ಲಿ ಬಿರುಕು ಬರುವುದು ಹೆಚ್ಚು. ಅಲ್ಲಿ ಓರೆಯಾಗಿ ಹೆಚ್ಚುವರಿ ಕಂಬಿ ಇಡಲು ಮೇಸ್ತ್ರಿಗೆ ಹೇಳಿ.

ಕ್ಯೂರಿಂಗ್‌ನಲ್ಲಿ ಅವಸರ ಬೇಡ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ ಒದ್ದೆ ಗೋಣಿ ಹೊದಿಸಿಡಬೇಕು. ಸೀಲರ್ ಹಚ್ಚುವುದು ಚೆನ್ನಾಗಿ ಒಣಗಿದ ಮೇಲೆ. ಮಳೆಗಾಲದಲ್ಲಿ ಒಣಗುವುದು ತಡ, ಆದ್ದರಿಂದ ಈ ಕೆಲಸ ಮಳೆ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ಯಾವ ಸೀಲರ್?

ಕಾಂಕ್ರೀಟಿನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಹುಳಿಗೆ ಅದು ಕರಗುತ್ತದೆ. ಮೀನು ಸಾರಿನ ಹುಣಸೆಹುಳಿ, ಪುನರ್ಪುಳಿ, ಲಿಂಬೆ, ವಿನೆಗರ್ ಬಿದ್ದ ಜಾಗ ಬಿಳಚಿ ಒರಟಾಗುತ್ತದೆ. ಅರಿಶಿನ, ತೆಂಗಿನೆಣ್ಣೆ ಒಳಕ್ಕೆ ಇಳಿದರೆ ಕಲೆ ಹೋಗುವುದು ಕಷ್ಟ.

ಒಳಗಿಳಿಯುವ ಸೀಲರ್ ಬಿಸಿ ತಡೆಯುತ್ತದೆ, ನೋಟವೂ ಸಹಜ. ಆದರೆ ಹುಳಿಯಿಂದ ಪೂರ್ತಿ ರಕ್ಷಣೆ ಇಲ್ಲ. ಮೇಲೆ ಪದರ ಕಟ್ಟುವ ಎಪಾಕ್ಸಿ, ಪಾಲಿಯುರೆಥೇನ್ ಕಲೆ ಚೆನ್ನಾಗಿ ತಡೆಯುತ್ತವೆ. ಆದರೆ ಗೀರು ಬೀಳುತ್ತದೆ, ಬಿಸಿ ಪಾತ್ರೆಗೆ ಎಪಾಕ್ಸಿ ಮೆತ್ತಗಾಗಿ ಗುರುತು ಉಳಿಯುತ್ತದೆ. ಯಾವುದಾದರೂ ಸರಿ, ಆಹಾರ ತಾಗಿದರೆ ಅಪಾಯವಿಲ್ಲ ಎಂದು ಡಬ್ಬಿಯ ಮೇಲೆ ಬರೆದಿದೆಯಾ ನೋಡಿಕೊಳ್ಳಿ. ಪತ್ತಿರ್ ಹಿಟ್ಟು ನಾದಲು ಬೇರೆ ಹಲಗೆ ಇಟ್ಟುಕೊಂಡರೆ ಇನ್ನೂ ನಿಶ್ಚಿಂತೆ.

ದಿನನಿತ್ಯದ ಆರೈಕೆ

• ಹುಳಿ, ಎಣ್ಣೆ, ಮಸಾಲೆ ಚೆಲ್ಲಿದರೆ ಕೂಡಲೇ ಒರೆಸಿ. ಇಫ್ತಾರಿನ ಗಡಿಬಿಡಿಯಲ್ಲಿ ಲಿಂಬೆ ಶರಬತ್ತು ಚೆಲ್ಲಿದರೆ ಆಮೇಲೆ ನೋಡೋಣ ಅನ್ನಬೇಡಿ.
• ಒಲೆಯಿಂದ ಇಳಿಸಿದ ಬಿರಿಯಾನಿ ಪಾತ್ರೆಯ ಅಡಿಗೆ ಮರದ ಹಲಗೆ ಇಡಿ.
• ಮೀನು, ತರಕಾರಿ ನೇರವಾಗಿ ಸ್ಲ್ಯಾಬ್ ಮೇಲೆ ಕತ್ತರಿಸಬೇಡಿ. ಅಂಚಿಗೆ ಬಡಿದು ತೆಂಗಿನಕಾಯಿ ಒಡೆಯಲೇಬೇಡಿ, ಅಂಚು ಚಕ್ಕೆ ಏಳುತ್ತದೆ.
• ತೊಳೆಯಲು ಸೌಮ್ಯ ಲಿಕ್ವಿಡ್ ಸೋಪು, ಮೆತ್ತನೆ ಬಟ್ಟೆ ಸಾಕು. ಸ್ಟೀಲ್ ಸ್ಕ್ರಬ್ಬರ್, ಆಸಿಡ್, ವಿನೆಗರ್ ಬೇಡ.
• ಆರು ತಿಂಗಳಿಗೊಮ್ಮೆ ನಾಲ್ಕು ಹನಿ ನೀರು ಹಾಕಿ ಹತ್ತು ನಿಮಿಷ ಬಿಡಿ. ಜಾಗ ಕಪ್ಪಾದರೆ ಮತ್ತೆ ಸೀಲರ್ ಹಚ್ಚುವ ಸಮಯ ಬಂತು.

ಬಿರುಕು ಬಂದರೆ

ಕೂದಲೆಳೆಯಂಥ ಬಿರುಕು ಕಾಂಕ್ರೀಟ್ ಒಣಗಿ ಕುಗ್ಗುವಾಗ ಬರುವಂಥದ್ದು, ಗಾಬರಿ ಬೇಡ. ಬಿರುಕು ಅಗಲವಾಗುತ್ತಿದ್ದರೆ ಅಥವಾ ಕಂದು ಬಣ್ಣದ ತುಕ್ಕು ಹೊರಬಂದರೆ ಒಳಗಿನ ಕಬ್ಬಿಣಕ್ಕೆ ನೀರು ತಾಗಿದೆ ಎಂದರ್ಥ. ತಡಮಾಡದೆ ತಿಳಿದವರಿಗೆ ತೋರಿಸಿ.

ಮೊದಲು ತುಂಡೊಂದನ್ನು ಪರೀಕ್ಷಿಸಿ

ಕೆಲಸ ಒಪ್ಪಿಸುವ ಮುಂಚೆ ಅದೇ ಬಣ್ಣ, ಅದೇ ಸೀಲರ್ ಹಾಕಿದ ಒಂದು ಅಡಿ ಚದರದ ತುಂಡು ಕೇಳಿ. ಹುಣಸೆಹುಳಿ, ಅರಿಶಿನ, ತೆಂಗಿನೆಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ತೊಳೆದು ನೋಡಿ. ಉಳಿಯುವ ಕಲೆಯನ್ನು ಅಡುಗೆಮನೆಯಲ್ಲಿ ದಿನವಿಡೀ ದುಡಿಯುವವರಿಗೆ ತೋರಿಸಿ. ಅವರಿಗೆ ಒಪ್ಪಿಗೆಯಾದರೆ ಹಾಕಿಸಿ, ಬೇಡವೆಂದರೆ ಗ್ರಾನೈಟೇ ವಾಸಿ.